ಒಳಮಡಿಕೆಯ ಮೂರು ಇಂಚು

ನಾನು ಬಚ್ಚಲಲ್ಲಿ ಬಿದ್ದದ್ದು ಸೋಪಿನಿಂದ ಎಂದು ನಮ್ಮ ಓಣಿಗೆಲ್ಲ ಗೊತ್ತು. ಆ ಸೋಪನ್ನು ನಮ್ಮವರು ಅಂದೇ ಹಿತ್ತಲಿನ ಗೋಡೆಯಾಚೆ ಎಸೆದರು. ಆಮೇಲೆ ಆ ಬಣ್ಣದ ಸೋಪು ನಮ್ಮ ಮನೆಗೆ ಬಂದಿಲ್ಲ. ಪಾಪ, ಅದರದ್ದೇನೂ ತಪ್ಪಿರಲಿಲ್ಲ. ನಾನು ಬಿದ್ದದ್ದು ನನ್ನ ಲಂಗದಿಂದ.

ಇದನ್ನು ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಮೂವತ್ತೈದು ವರ್ಷ ಸರಕಾರಿ ಶಾಲೆಯಲ್ಲಿ ಸುಳ್ಳು ಹೇಳಿದ ಮಕ್ಕಳ ಕಿವಿ ಹಿಂಡಿದವಳು ನಾನು. ಆದರೂ ಹೇಳಲಿಲ್ಲ. ಯಾಕೆಂದು ತಿಳಿಯಬೇಕಾದರೆ ನನ್ನ ಗಂಡನ ಬಗ್ಗೆ ನಾಲ್ಕು ಮಾತು ಕೇಳಬೇಕು.

ಕೊಟ್ಟೂರಿನಲ್ಲಿ ಅವರನ್ನು ಟೈಲರ್ ಶಿವಯೋಗಪ್ಪ ಎಂದೇ ಕರೆಯುತ್ತಾರೆ. ನಮ್ಮ ಮನೆಯ ಪಡಸಾಲೆಯೇ ಅವರ ಅಂಗಡಿ. ಜೂನ್ ಬಂತೆಂದರೆ ಊರಿನ ಅರ್ಧಕ್ಕರ್ಧ ಹುಡುಗಿಯರ ಶಾಲೆಯ ಲಂಗ ಅವರ ಮಶೀನಿನಿಂದಲೇ ಇಳಿಯಬೇಕು. ಹುಡುಗಿಯರ ಲಂಗದ ಅಂಚಿನೊಳಗೆ ಅವರು ಯಾವಾಗಲೂ ಎರಡು ಮೂರು ಇಂಚು ಬಟ್ಟೆ ಮಡಿಚಿ ಬಿಡುತ್ತಾರೆ. ಬರುವ ವರ್ಷ ಹುಡುಗಿ ಎತ್ತರವಾದರೆ ಹೊಲಿಗೆ ಬಿಚ್ಚಿ ಇಳಿಸಿಕೊಳ್ಳಲಿ ಎಂದು. ನನ್ನ ಲಂಗಕ್ಕೆ ಮಾತ್ರ ಎಂದೂ ಬಿಟ್ಟವರಲ್ಲ. ನಾನು ಅವರ ಮನೆಗೆ ಬಂದಾಗಲೇ ಬೆಳೆಯುವ ವಯಸ್ಸು ಮುಗಿದಿತ್ತು.

ಮದುವೆಯಾದ ವರ್ಷ, ಐವತ್ತಾರರಲ್ಲಿ, ನಮ್ಮತ್ತೆ ಅಡುಗೆಮನೆಯ ಬಾಗಿಲಲ್ಲಿ ಕೂತು ನೋಡುತ್ತಿರುವಾಗ, ಹಾಡುಹಗಲಿನಲ್ಲಿ, ಕಿವಿ ಕೆಂಪಗೆ ಮಾಡಿಕೊಂಡು ಅವರು ನನಗೆ ಟೇಪು ಹಿಡಿದಿದ್ದರು. ಅಳತೆ ಪುಸ್ತಕದ ಮೊದಲನೇ ಪುಟದಲ್ಲಿ 'ಕಲ್ಯಾಣಮ್ಮ, ಲಂಗ, ಉದ್ದ ೩೮' ಎಂದು ಬರೆದುಕೊಂಡರು. ಆ ಪುಸ್ತಕ ಎಂದೋ ಹರಿದುಹೋಯಿತು. ಆ ಒಂದು ಹಾಳೆ ಮಾತ್ರ ಇವತ್ತಿಗೂ ಮಶೀನಿನ ಡ್ರಾಯರಿನಲ್ಲಿದೆ. ಗಿರಾಕಿಗಳನ್ನು ನಿಲ್ಲಿಸಿ ಎರಡೆರಡು ಸಲ ಅಳೆಯುವ ಮನುಷ್ಯ ನನಗೆ ಮತ್ತೆ ಟೇಪು ಹಿಡಿಯಲೇ ಇಲ್ಲ. "ನಿನ್ನ ಅಳತಿ ನನ್ನ ಕಣ್ಣಾಗ ಐತಿ" ಎನ್ನುವುದೇ ಅವರ ದೊಡ್ಡಸ್ತಿಕೆ.

ಅವರ ಕಣ್ಣಲ್ಲಿ ಇದ್ದವಳು ಮೂವತ್ತೆಂಟರಲ್ಲೇ ಉಳಿದಳು. ನಾನು ಉಳಿಯಲಿಲ್ಲ. ಅರವತ್ತು ದಾಟಿದ ಮೇಲೆ ಬೆನ್ನು ಬಾಗಿತು, ಮಂಡಿ ನೆಟ್ಟಗೆ ನಿಲ್ಲದಾಯಿತು, ಮೈ ಇಳಿದು ಲಂಗ ಸೊಂಟದಿಂದ ಕೆಳಗೆ ಜಾರಿತು. ನೆಲ ಗುಡಿಸುವಷ್ಟು ಉದ್ದ. ಹೇಳಬಹುದಿತ್ತು. ಆದರೆ ಹೊಸ ಲಂಗ ಕೈಗೆ ಕೊಡುವಾಗ "ನೋಡು, ಟೇಪು ಬೇಕಾಗ್ಲಿಲ್ಲ" ಎಂದು ಹುಬ್ಬು ಹಾರಿಸುತ್ತಾರಲ್ಲ, ಆ ಹುಬ್ಬು ಇಳಿಯುವುದನ್ನು ನೋಡಲು ನನಗೆ ಮನಸ್ಸಾಗಲಿಲ್ಲ. ಅವರು ಪೇಟೆಗೆ ಹೋದಾಗ ಕದ ಮುಂದೆ ಮಾಡಿಕೊಂಡು ಅಂಚನ್ನು ಒಳಕ್ಕೆ ಮಡಿಚಿ ಸೂಜಿದಾರದಿಂದ ಹೊಲಿದುಕೊಳ್ಳುತ್ತಿದ್ದೆ. ಐದಾರು ವರ್ಷ ಹೀಗೇ ನಡೆಯಿತು. ಎರಡು ಸಾವಿರದ ಮೂರರ ಶ್ರಾವಣದಲ್ಲಿ ಒಂದು ಬೆಳಗ್ಗೆ ಆ ಹೊಲಿಗೆ ಬಿಚ್ಚಿತು. ಕಾಲಿನ ಹೆಬ್ಬೆರಳು ಮಡಿಕೆಯಲ್ಲಿ ಸಿಕ್ಕಿಕೊಂಡಿತು. ಬಚ್ಚಲ ಕಲ್ಲಿನ ಮೇಲೆ ಬಿದ್ದೆ, ತೊಡೆಯ ಮೇಲಿನ ಎಲುಬು ಮುರಿಯಿತು.

ಈಗ ಹೇಳಿ, ನಲವತ್ತೇಳು ವರ್ಷ ಹೊಲಿದುಕೊಟ್ಟವನ ಮುಂದೆ, ನೀನು ಹೊಲಿದ ಲಂಗವೇ ನನ್ನನ್ನು ಬೀಳಿಸಿತು ಎಂದು ಹೇಗೆ ಹೇಳುವುದು? ಸೋಪು ಎಂದೆ.

ದಾವಣಗೆರೆಯಲ್ಲಿ ಆಪರೇಷನ್ ಮಾಡಿ ಒಳಗೆ ರಾಡು ಹಾಕಿದರು. ನಮಗೆ ಒಬ್ಬಳೇ ಮಗಳು, ಸುಮಲತಾ. ಹರಪನಹಳ್ಳಿಯ ಹೈಸ್ಕೂಲಿನಲ್ಲಿ ಟೀಚರ್. ರಜೆ ಹಾಕಿ ಬಂದು ನನ್ನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ಮಾತ್ರೆಗೊಂದು ಡಬ್ಬಿ, ಹೊತ್ತಿಗೊಂದು ಗಂಟೆ, ಎಲ್ಲ ಶಿಸ್ತು. ನನ್ನ ಹೊಟ್ಟೆಯಲ್ಲೇ ಹುಟ್ಟಿದವಳಲ್ಲವೇ, ಅವಳ ಮುಂದೆ ನನ್ನ ಆಟ ನಡೆಯಲಿಲ್ಲ. ಸ್ವಲ್ಪ ಕೂರುವಂತಾದ ಮೇಲೆ ಅವಳೇ ನನ್ನನ್ನು ಬಚ್ಚಲಿಗೆ ಎತ್ತಿಕೊಂಡು ಹೋಗಿ ಮೀಸುತ್ತಿದ್ದಳು. ಪ್ರೀತಿಯಿಂದಲೇ ಮೀಸುತ್ತಿದ್ದಳು, ಸುಳ್ಳು ಹೇಳಬಾರದು. ಆದರೆ ನಾನು ಅವಳಿಗೆ ಎಣ್ಣೆ ಹಚ್ಚಿ ನೀರು ಹಾಕಿದ ಅದೇ ಬಚ್ಚಲಲ್ಲಿ ಅವಳು "ಕಣ್ಣು ಮುಚ್ಕೋ ಅವ್ವಾ" ಎಂದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಅವಳ ಮೇಲಲ್ಲ. ನನ್ನ ಮೇಲೆ.

ಒಂದು ದಿನ ಅವಳು ನೇರವಾಗಿ ಹೇಳಿದಳು:

"ಅವ್ವಾ, ದಸರಾ ರಜಾ ಮುಗಿಯೂ ತನಕ ನಾ ಇಲ್ಲೇ ಇರ್ತೀನಿ. ಅಷ್ಟರಾಗ ನೀ ಒಬ್ಬಾಕೀನ ಎದ್ದು, ಬಚ್ಚಲಿಗೆ ಹೋಗಿ, ಜಳಕ ಮಾಡಿ ಹೊರಗ ಬಂದ್ರ ಸರಿ. ಇಲ್ಲಾಂದ್ರ ನೀನೂ ಅಪ್ಪಾನೂ ನಮ್ಮನಿಗೆ ಬರ್ರಿ. ಇದರಾಗ ಜಗಳ ಬ್ಯಾಡ."

ಅವಳ ಮನೆಗೇನು ಕೊರತೆ ಇಲ್ಲ. ಅಳಿಯ ಒಳ್ಳೆಯವನು, ಹಾರ್ಡ್‌ವೇರ್ ಅಂಗಡಿ ಇದೆ. ಆದರೆ ಅಲ್ಲಿಗೆ ಹೋದರೆ ನನ್ನನ್ನು ಕೊನೆಯವರೆಗೂ ಯಾರೋ ಒಬ್ಬರು ಮೀಸಬೇಕು. ನಮ್ಮವರ ಮಶೀನು ಪಡಸಾಲೆಯಲ್ಲಿ ಧೂಳು ತಿನ್ನಬೇಕು. ಅವರು "ನೀ ಎಲ್ಲೋ ನಾನೂ ಅಲ್ಲೇ" ಎಂದರು, ಅಷ್ಟೆ. ಅಂದು ಸಂಜೆ ಮಾತ್ರ ಒಂದೇ ತೋಳನ್ನು ಮೂರು ಸಲ ಬಿಚ್ಚಿ ಹೊಲಿದರು.

ಮಗಳು ಪಟ್ಟಿ ಬರೆದಳು. ವಾಕರ್, ಬಚ್ಚಲ ಗೋಡೆಗೆ ಹಿಡಿಕೆ, ಕೂತು ಜಳಕ ಮಾಡಲು ಸ್ಟೂಲು, ಜಾರದ ಮ್ಯಾಟು. ಅಪ್ಪ ಮಗಳು ಇಬ್ಬರೂ ದಾವಣಗೆರೆಗೆ ಹೊರಟರು. ನನ್ನ ಕಾಲಿಗೆ ಬೇಕಾದದ್ದನ್ನು ನಾನಿಲ್ಲದೆ ಆರಿಸುವುದು! ಒಂದು ಸೀರೆ ತರುವಾಗಲೂ ನನ್ನನ್ನು ಬಿಟ್ಟು ಹೋದವರಲ್ಲ. "ನಾನೂ ಬರ್ತೀನಿ, ಕಾರು ಮಾಡ್ರಿ" ಎಂದೆ. "ಅಷ್ಟು ದೂರ ಕೂಡೂದು ಬ್ಯಾಡ ಅಂದಾರ ಡಾಕ್ಟ್ರು" ಎಂದಳು ಮಗಳು. ನಮ್ಮವರು ಎದೆ ತಟ್ಟಿಕೊಂಡರು: "ನೀ ಯಾಕ ಚಿಂತಿ ಮಾಡ್ತಿ? ನಿನ್ನ ಅಳತಿ ನನ್ನ ಹತ್ರ ಐತಲ್ಲ!"

ಅವರ ಹತ್ತಿರ ಇದ್ದದ್ದು ಐವತ್ತಾರರ ಅಳತೆ.

ಆಮೇಲೆ ಮಗಳು ಹೇಳಿದ್ದು. ಅಂಗಡಿಯವನು "ಪೇಷಂಟು ನಿಂತ್ಕೊಂಡು ಕೈ ಇಳಿಬಿಟ್ರ ನೆಲದಿಂದ ಮಣಿಕಟ್ಟಿಗೆ ಎಷ್ಟು ಬರ್ತೈತಿ?" ಎಂದು ಕೇಳಿದನಂತೆ. ಅವಳು ಬಾಯಿ ತೆಗೆಯುವುದರೊಳಗೆ ನಮ್ಮವರು ಕಣ್ಣು ಮುಚ್ಚಿ, ದೇವರ ಮುಂದೆ ನಿಂತವರ ಹಾಗೆ, "ಮೂವತ್ತೊಂದು" ಎಂದರಂತೆ. ಅಂಗಡಿಯವನು ಒಳಗೆ ಹೋಗಿ ಅಷ್ಟಕ್ಕೆ ಸರಿಮಾಡಿ ತಂದುಕೊಟ್ಟನಂತೆ. ವಾಕರನ್ನು ಬಸ್ಸಿನ ಟಾಪಿನ ಮೇಲೆ, ಯಾರದ್ದೋ ಕೋಳಿ ಬುಟ್ಟಿಯ ಪಕ್ಕದಲ್ಲಿ ಕಟ್ಟಿಕೊಂಡು ಬಂದರು.

ಹಿಡಿಕೆ ಮತ್ತು ಸ್ಟೂಲಿನ ಕೆಲಸ ಭೀಮರಾಜನದು. ಬಸ್‌ಸ್ಟ್ಯಾಂಡಿನ ಹಿಂದೆ ಅವನ ವೆಲ್ಡಿಂಗ್ ಅಂಗಡಿ, ಊರಿನ ಗೇಟು, ಕಿಟಕಿಗಳೆಲ್ಲ ಅವನ ಕೈಯವು. ನಾಲ್ಕನೇ ಕ್ಲಾಸಿನಲ್ಲಿ ನನ್ನ ಶಿಷ್ಯ. ಸ್ಕೇಲನ್ನು ಸೊನ್ನೆಯಿಂದ ಇಡದೆ ಒಂದರಿಂದ ಇಟ್ಟು ಗೆರೆ ಎಳೆಯುತ್ತಿದ್ದ, ಅದಕ್ಕಾಗಿ ನನ್ನ ಕೈಯಿಂದ ಏಟು ತಿಂದಿದ್ದಾನೆ. ಡ್ರಿಲ್ಲು ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತು ಕೇಳಿದ:

"ಎಷ್ಟು ಎತ್ತರಕ್ಕ ಹಾಕ್ಲಿ ಟೀಚರ್?"

"ಅಕೀನ ಏನು ಕೇಳ್ತಿ?" ನಮ್ಮವರು ಒಳಗಿನಿಂದಲೇ ಕೂಗಿದರು. "ನನ್ನ ಕೇಳು."

ಭೀಮರಾಜ ನನ್ನ ಮುಖ ನೋಡಿದ. ಬೋರ್ಡಿನ ಮೇಲಿನ ತಪ್ಪನ್ನು ಕಂಡೂ ಬಾಯಿಬಿಡದ ಮಕ್ಕಳಿಗೆ ನಾನು ಎಷ್ಟು ಬೈದಿದ್ದೇನೆ. ಮಂಚದ ಮೇಲೆ ಕೂತು, "ಅವರು ಹೇಳ್ದಂಗ ಹಾಕಪ್ಪಾ" ಎಂದೆ.

ಮ್ಯಾಟಿನ ಕಥೆ ಬೇರೆ. ಹೂವಿನ ಚಿತ್ರದ ಚೆಂದದ ಮ್ಯಾಟು. ನಮ್ಮವರು ಪರೀಕ್ಷೆ ಮಾಡಲೆಂದು ಒದ್ದೆ ಕಲ್ಲಿನ ಮೇಲೆ ಹಾಕಿ ಕಾಲಿಟ್ಟರೆ ಮ್ಯಾಟೇ ಸರ್ರನೆ ಹೊರಟಿತು. ಭೀಮರಾಜ ರಟ್ಟೆ ಹಿಡಿಯದಿದ್ದರೆ ಮನೆಯಲ್ಲಿ ಇಬ್ಬರಾಗುತ್ತಿದ್ದೆವು. "ಮೊದ್ಲು ಇದಕ್ಕೊಂದು ವಾಕರ್ ಬೇಕ್ರಿ" ಎಂದ ಅವನು. ಮಗಳು ಮರುದಿನವೇ ಅದನ್ನು ಹಿಂದಿರುಗಿಸಿ, ಕೆಳಗೆ ರಬ್ಬರಿನ ಬಟ್ಟಲುಗಳಿರುವ, ಕಲ್ಲಿಗೆ ಕಚ್ಚಿಕೊಳ್ಳುವ ಮ್ಯಾಟು ತರಿಸಿದಳು. ಬಚ್ಚಲ ಹೊಸ್ತಿಲ ಕಲ್ಲನ್ನೂ ತೆಗೆಸಿದಳು. ತಲೆಬಾಗಿಲ ಹೊಸ್ತಿಲ ತಂಟೆಗೆ ಮಾತ್ರ ಹೋಗಕೂಡದು, ಅದಕ್ಕೆ ದಿನಾ ಅರಿಶಿನ ಹಚ್ಚುತ್ತೇನೆ ಎಂದು ನಾನು ಹೇಳಿದೆ.

ಹೀಗೆ ಎಲ್ಲ ಸಿದ್ಧವಾಯಿತು, ನಾನೊಬ್ಬಳನ್ನು ಬಿಟ್ಟು.

ವಾಕರ್ ಹಿಡಿದರೆ ನನ್ನ ಹೆಗಲು ಕಿವಿಗೆ ಬಂದು ತಾಗುತ್ತಿತ್ತು. ಮೊಳಕೈ ಮಡಚಿಕೊಂಡು ಅಂಗೈಯಲ್ಲಿ ಭಾರ ಬೀಳುತ್ತಲೇ ಇರಲಿಲ್ಲ. ಎರಡು ಹೆಜ್ಜೆಗೆ ತೋಳು ಸೋಲುತ್ತಿತ್ತು. ಸ್ಟೂಲಿನ ಮೇಲೆ ಕೂತರೆ ಪಾದ ನೆಲ ಮುಟ್ಟದೆ ಒಂದನೇ ಕ್ಲಾಸಿನ ಕೂಸಿನ ಹಾಗೆ ಜೋತಾಡುತ್ತಿತ್ತು. ಗೋಡೆಯ ಹಿಡಿಕೆ ಮುಖದ ಹತ್ತಿರ. ಅದನ್ನು ಹಿಡಿದು ಏಳಬೇಕಾದರೆ ಜೋತುಬೀಳಬೇಕು. ಮಗಳು ಪ್ರತಿ ಸಲವೂ ಓಡಿಬಂದು ಕಂಕುಳಿಗೆ ಕೈ ಹಾಕುತ್ತಿದ್ದಳು. "ಅವ್ವಗ ಶಕ್ತಿ ಬಂದಿಲ್ಲಪ್ಪಾ" ಎಂದು ಅಡುಗೆಮನೆಯಲ್ಲಿ ಹೇಳುವುದು ನನಗೆ ಕೇಳುತ್ತಿತ್ತು. ಶಕ್ತಿ ಬಂದಿತ್ತು. ಗಂಜಿ ಕುಡಿದು, ಹಾಲು ಕುಡಿದು, ಮಲಗಿದಲ್ಲೇ ಕಾಲು ಎತ್ತಿ ಇಳಿಸಿ ಚೆನ್ನಾಗಿಯೇ ಬಂದಿತ್ತು. ಎತ್ತರ ಹೆಚ್ಚಾಗಿದೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹೇಳಿದ ಕೂಡಲೇ ನಮ್ಮವರು "ಎಲ್ಲಿ, ಲಂಗ ತಾ, ಅಳತಿ ನೋಡೋಣು" ಎನ್ನುವವರೇ. ಲಂಗ ತಿರುವಿದರೆ ಹೊಲಿಗೆ ಕಾಣುತ್ತದೆ. ಹೊಲಿಗೆ ಕಂಡರೆ ಸೋಪಿನ ಕಥೆ ಎಲ್ಲಿ ಉಳಿಯುತ್ತದೆ?

ಪಕ್ಕದ ಮನೆಯ ತಿಪ್ಪೇರುದ್ರಮ್ಮ ನೋಡಲು ಬಂದಳು. ನನಗಿಂತ ನಾಲ್ಕು ವರ್ಷ ದೊಡ್ಡವಳು, ಅವಳಿಗೂ ಎರಡು ವರ್ಷದ ಹಿಂದೆ ಅಳಿಯ ಹೊಸಪೇಟೆಯಿಂದ ವಾಕರ್ ತಂದುಕೊಟ್ಟಿದ್ದ.

"ನಂದು ಎಲ್ಲೈತಿ ನೋಡಿಯೇನು? ಹಿತ್ತಲಾಗ. ಅದರ ಮ್ಯಾಲೆ ಒಳಅಂಗಿ, ಟವೆಲ್ಲು ಚಲೋ ಒಣಗ್ತಾವ" ಎಂದಳು.

"ನೀ ಯಾಕ ಹಿಡಿಯಲ್ಲ?"

"ನನಗ ಅದು ಆಗಿ ಬರ್ಲಿಲ್ಲವ್ವಾ. ಹಿಡಿದ್ರ ತ್ವಾಳು ನೋಯ್ತಾವ. ಗ್ವಾಡಿ ಹಿಡ್ಕಂಡು ಅಡ್ಡಾಡ್ತೀನಿ."

ನಗಬೇಕಿತ್ತು, ನಗು ಬರಲಿಲ್ಲ. ಎರಡು ವರ್ಷದಲ್ಲಿ ನನ್ನ ವಾಕರಿನ ಮೇಲೂ ಬಟ್ಟೆ ಒಣಗುತ್ತದೆ, ಹರಪನಹಳ್ಳಿಯ ಹಿತ್ತಲಿನಲ್ಲಿ ಎಂದುಕೊಂಡೆ.

ರಜೆ ಮುಗಿಯಲು ಐದು ದಿನ ಉಳಿದಿತ್ತು. ಅಂದು ಮಧ್ಯಾಹ್ನ ಮಗಳು ನಮ್ಮ ಸೀರೆ, ಧೋತರಗಳನ್ನು ಟ್ರಂಕಿಗೆ ಮಡಿಚಿಡತೊಡಗಿದಳು. ಸಿಟ್ಟಿನಿಂದಲ್ಲ, ಕಣ್ಣು ಒರೆಸಿಕೊಳ್ಳುತ್ತಲೇ. ನಾನು ಮಂಚದ ಮೇಲಿಂದ ಪಡಸಾಲೆಯ ಕಡೆ ನೋಡಿದೆ. ನಮ್ಮವರು ಮಶೀನಿಗೆ ಎಣ್ಣೆ ಹಾಕಿದರು. ಒರೆಸಿದರು. ನನ್ನದೊಂದು ಹಳೆಯ ಸೀರೆಯ ತುಂಡು ಹೊದಿಸಿದರು. ಆಮೇಲೆ ಡ್ರಾಯರ್ ಎಳೆದು, ಆ ಒಂದು ಹಾಳೆಯನ್ನು ತೆಗೆದು, ಎರಡು ಮಡಿಕೆ ಮಾಡಿ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು.

ಕತ್ತರಿ ತೆಗೆದುಕೊಳ್ಳಲಿಲ್ಲ, ಟೇಪು ತೆಗೆದುಕೊಳ್ಳಲಿಲ್ಲ. ನನ್ನ ಅಳತೆ ತೆಗೆದುಕೊಂಡರು. ಈ ಮನುಷ್ಯನ ಹೆಮ್ಮೆ ಉಳಿಸಲು ಹೋಗಿ ಇವನ ಮನೆಯನ್ನೇ ಬಿಡಿಸುತ್ತಿದ್ದೇನಲ್ಲ, ಎಂಥ ದಡ್ಡಿ ನಾನು ಎನಿಸಿತು. ಕೂಗಿದೆ:

"ರೀ, ಇಲ್ಲಿ ಬರ್ರಿ. ಆ ಹಗ್ಗದ ಮ್ಯಾಲಿನ ಲಂಗ ತಗಂಡು ಬರ್ರಿ."

ತಂದರು. "ಅಂಚು ತಿರುವಿ ನೋಡ್ರಿ" ಎಂದೆ.

ಕನ್ನಡಕ ಏರಿಸಿ ನೋಡಿದರು. ಮೂರು ಇಂಚು ಒಳಕ್ಕೆ ಮಡಿಚಿದ ಅಂಚು, ಅದರ ಮೇಲೆ ನನ್ನ ಸೂಜಿಯ ಸೊಟ್ಟ ಹೊಲಿಗೆ, ಕೆಂಪು ದಾರ ಒಂದು ಕಡೆ, ಬಿಳಿ ದಾರ ಇನ್ನೊಂದು ಕಡೆ. ನೊಂದುಕೊಳ್ಳುತ್ತಾರೆ, ಹುಬ್ಬು ಇಳಿಯುತ್ತದೆ ಎಂದುಕೊಂಡೆ.

"ಇದೇನಿದು ಹೊಲಿಗಿ?" ಎಂದು ಗುಡುಗಿದರು. "ಗೋಣಿಚೀಲದ ಬಾಯಿಗೂ ಯಾರೂ ಹಿಂಗ ಹಾಕಂಗಿಲ್ಲ! ಟೈಲರ್ ಹೆಂಡ್ತಿ ಅಂತ ಹೇಳ್ಕಂತೀಯಲ್ಲ, ನಾಚಿಕಿ ಆಗಂಗಿಲ್ಲೇನು ನಿನಗ? ಯಾರ್‍ಯಾರು ನೋಡ್ಯಾರ ಇದನ್ನ?"

"ಲಂಗದ ಒಳಗ ಯಾರು ನೋಡ್ತಾರ್ರೀ?"

"ದಾವಣಗೆರಿ ಆಸ್ಪತ್ರಿ ನರ್ಸುಗಳು ನೋಡಿರ್ತಾರ! ಶಿವಯೋಗಪ್ಪನ ಕೈ ಹೊಲಿಗಿ ಅಂತ ತಿಳ್ಕಂಡಿರ್ತಾರ!"

ಮಗಳು ಟ್ರಂಕು ಬಿಟ್ಟು ಬಂದು ಬಾಗಿಲಲ್ಲಿ ನಿಂತಳು. ನನಗೆ ನಗು ಒತ್ತಿಕೊಂಡು ಬಂತು. ಅವರು ಇನ್ನೂ ಬೈಯುತ್ತಿದ್ದರು, ದಾರದ ಬಣ್ಣಕ್ಕೆ ಬೈದರು, ಗಂಟು ಹಾಕಿದ ರೀತಿಗೆ ಬೈದರು. ಬೈಯುತ್ತಾ ಬೈಯುತ್ತಾ ಒಂದು ಕಡೆ ಹೊಲಿಗೆ ಬಿಚ್ಚಿ ಜೋತುಬಿದ್ದದ್ದನ್ನು ಕಂಡರು. ಬೆರಳು ಅಲ್ಲಿಗೆ ನಿಂತಿತು.

"ಕಲ್ಯಾಣಿ, ಅವತ್ತು ಉಟ್ಟಿದ್ದು ಇದನ್ನ ಅಲ್ಲೇನು?"

ಹೌದೆಂದು ತಲೆಯಾಡಿಸಿದೆ.

"ಸೋಪಲ್ಲ?"

"ಸೋಪಲ್ಲ" ಎಂದೆ.

ಅವರು ನನ್ನ ಪಕ್ಕ ಮಂಚದ ಮೇಲೆ ಕೂತರು. ಲಂಗ ಮಡಿಲಲ್ಲಿತ್ತು. ನನ್ನ ಮುರಿದ ಕಾಲಿನ ಮಂಡಿಯ ಮೇಲೆ ಕೈ ಇಟ್ಟರು. ಮಗಳು ಇದ್ದಾಳೆ ಎಂಬುದನ್ನೂ ಮರೆತರು. ನನಗೆ ಅಳು ಬಂತು, ಅತ್ತುಬಿಟ್ಟೆ. ಎರಡು ತಿಂಗಳಿನಿಂದ ಎದೆಯ ಮೇಲೆ ಕೂತಿದ್ದದ್ದು ಇಳಿದುಹೋಯಿತು.

"ಹೇಳ್ಬೇಕಿಲ್ಲೇನು?" ಎಂದರು ಕೊನೆಗೆ.

"ನೀವು ಅಳೀಬೇಕಿಲ್ಲೇನು?" ಎಂದೆ ನಾನೂ ಬಿಡದೆ.

ಮಗಳು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿ ತಲೆ ಚಚ್ಚಿಕೊಂಡಳು. "ಅಂದ್ರ ವಾಕರ್ ಎತ್ತರ ಆಗೇತಿ? ಹಿಡಿಕಿ ಎತ್ತರ ಆಗೇತಿ? ಸ್ಟೂಲೂ? ಅವ್ವಾ, ನಾ ನಿನಗ ಶಕ್ತಿ ಇಲ್ಲ ಅಂತ ದಿನಾ ಅಳ್ತಿದ್ನೆಲ್ಲ! ನೀವಿಬ್ರೂ ದೊಡ್ಡೋರಾ ಏನು?"

ನಮ್ಮವರು ಎದ್ದು ಪಡಸಾಲೆಗೆ ಹೋದರು. ಮಶೀನಿನ ಮೇಲಿನ ಹೊದಿಕೆ ತೆಗೆದು ಆಚೆ ಎಸೆದರು. ಟೇಪು ಕೊರಳಿಗೆ ಹಾಕಿಕೊಂಡು, ಕಿವಿಯ ಮೇಲೆ ಪೆನ್ಸಿಲ್ ಇಟ್ಟುಕೊಂಡು ಬಂದರು. "ನಿಲ್ಲು" ಎಂದರು. ಮಗಳು ಒಂದು ಕಡೆ ಹಿಡಿದಳು, ನಾನು ನಿಂತೆ. ಕೈ ಇಳಿಬಿಟ್ಟೆ. ಅವರು ಮಂಡಿಯೂರಿ ನೆಲದಿಂದ ಮಣಿಕಟ್ಟಿಗೆ ಟೇಪು ಹಿಡಿದರು. ಇಪ್ಪತ್ತೆಂಟು. ನಂಬದೆ ಇನ್ನೊಮ್ಮೆ ಹಿಡಿದರು. ಇಪ್ಪತ್ತೆಂಟೇ. ಸೊಂಟದಿಂದ ಹಿಮ್ಮಡಿಗೆ ಹಿಡಿದರು. ಮೂವತ್ತೈದು. ತಲೆಯೆತ್ತಿ ನನ್ನ ಮುಖ ನೋಡಿದರು. ಎಪ್ಪತ್ತೆರಡರ ಮುದುಕನ ಕಿವಿ ಕೆಂಪಗಾಗಿತ್ತು.

"ಮೂರು ಇಂಚು ಎಲ್ಲಿ ಹೋತು?"

"ನಿಮ್ಮ ಮಶೀನ್ ಕೆಳಗ ಬಿದ್ದಿರ್ಬೇಕು, ಗುಡಿಸಿ ನೋಡ್ರಿ" ಎಂದೆ.

ಆಮೇಲಿನ ನಾಲ್ಕು ದಿನ ನಮ್ಮ ಮನೆಯಲ್ಲಿ ಜೂನ್ ತಿಂಗಳ ಗಡಿಬಿಡಿ. ವಾಕರಿನ ಕಾಲುಗಳಲ್ಲಿ ಸಾಲಾಗಿ ತೂತುಗಳಿದ್ದವು, ಒಂದೊಂದು ಕಾಲಿಗೆ ಒಂದು ಸಣ್ಣ ಗುಂಡಿ. ನಾವೆಲ್ಲ ಅದು ಅಲಂಕಾರಕ್ಕೆ ಎಂದುಕೊಂಡಿದ್ದೆವು. ಮಗಳು ಒತ್ತಿ ನೋಡಿದಳು, ಕಾಲು ಟಕ್ಕೆಂದು ಒಳಕ್ಕೆ ಹೋಯಿತು. ಮೂರು ತೂತು ಇಳಿಸಿದರೆ ಮೂರು ಇಂಚು. ನಾಲ್ಕೂ ಕಾಲು ಇಳಿಸಿ ನನ್ನ ಕೈಗೆ ಕೊಟ್ಟಳು. ಹೆಗಲು ತನ್ನ ಜಾಗಕ್ಕೆ ಬಂತು, ಅಂಗೈಗೆ ಭಾರ ಬಂತು. ಮಂಚದಿಂದ ತಲೆಬಾಗಿಲವರೆಗೆ ನಡೆದು, ತಿರುಗಿ ಬಂದೆ. ಯಾರೂ ಕಂಕುಳಿಗೆ ಕೈ ಹಾಕಲಿಲ್ಲ. ಮಗಳು ನಗುತ್ತಾ ಟ್ರಂಕಿನಿಂದ ಒಂದೊಂದೇ ಸೀರೆ ಹೊರಗೆ ತೆಗೆದಳು.

ಬಚ್ಚಲಿಗೆ ನಮ್ಮವರೇ ಮೇಸ್ತ್ರಿ. ಗಿರಾಕಿಗೆ ಕಚ್ಚಾ ಹೊಲಿಗೆ ಹಾಕಿ ಮೈಮೇಲೆ ಹಿಡಿದು ನೋಡುತ್ತಾರಲ್ಲ, ಹಾಗೆಯೇ ಮೊದಲು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಮಗಳ ಕೈಯಲ್ಲಿ ಕಸಬರಿಗೆಯ ಕೋಲು ಗೋಡೆಗೆ ಆನಿಸಿ ಹಿಡಿಸಿದರು. "ಇಲ್ಲಿ? ಸ್ವಲ್ಪ ಕೆಳಗ? ಏಳಾಕ ಬರ್ತೈತಾ ನೋಡು." ಕೋಲು ಇಳಿಸಿದರು, ಏರಿಸಿದರು, ಓರೆ ಮಾಡಿದರು. ನನಗೆ ಹಿಡಿಯಲು ಎಲ್ಲಿ ಹಿತವಾಯಿತೋ ಅಲ್ಲಿ ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ಪೀಸಿನಿಂದ ಗೆರೆ ಎಳೆದರು. ಭೀಮರಾಜ ಬಂದು ಹಳೆಯ ಹಿಡಿಕೆ ಬಿಚ್ಚಿದ, ನೀಲಿ ಗೆರೆಯ ಮೇಲೆ ಕೂರಿಸಿದ, ಸ್ಟೂಲಿನ ನಾಲ್ಕು ಕಾಲನ್ನೂ ಕೊಯ್ದು ಕೆಳಗೆ ರಬ್ಬರ್ ಹಾಕಿದ.

"ಟೀಚರ್, ಸ್ಕೇಲು ಸೊನ್ನಿಯಿಂದ ಇಡಲಿಲ್ಲ ಅಂತ ನನಗ ಹೊಡೀತಿದ್ರಿ. ನೆನಪೈತೇನ್ರಿ?" ಎಂದ ನಗದೆ.

"ಐತಪ್ಪಾ. ಅವತ್ತಿನ ಏಟು ಇವತ್ತು ವಾಪಸ್ ಕೊಡು" ಎಂದು ಕೈ ಚಾಚಿದೆ. ಅವನು ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ, ಕಳ್ಳ.

ನಮ್ಮವರ ಕೈಗೆ ಹೊಸ ಹುಚ್ಚು ಹತ್ತಿತು. ಟೇಪು ಹಿಡಿದು ತಿಪ್ಪೇರುದ್ರಮ್ಮನ ಹಿತ್ತಲಿಗೆ ನುಗ್ಗಿ, ವಾಕರಿನ ಮೇಲಿನ ಟವೆಲ್ಲುಗಳನ್ನು ತಂತಿಗೆ ಹಾಕಿ, ಅವಳನ್ನು ನಿಲ್ಲಿಸಿ ಅಳೆದರು. ಅವಳದ್ದು ಬರೋಬ್ಬರಿ ನಾಲ್ಕು ತೂತು ಹೆಚ್ಚು. ಸಂಜೆ ಅವಳು ಗೋಡೆ ಬಿಟ್ಟು ನಡುರಸ್ತೆಯಲ್ಲಿ ನಮ್ಮ ಮನೆಗೆ ಬಂದಳು. "ಎರಡು ವರ್ಷ ಒಳಅಂಗಿ ಒಣಗಿಸಿದ್ನೆಲ್ಲೇ ಕಲ್ಯಾಣಿ!" ಎಂದು ಬಿದ್ದುಬಿದ್ದು ನಕ್ಕಳು. ಬೀಳಲಿಲ್ಲ, ವಾಕರ್ ಹಿಡಿದಿದ್ದಳು.

ರಜೆಯ ಕೊನೆಯ ದಿನ, ಭಾನುವಾರ. ಬೆಳಗ್ಗೆ ಹಂಡೆಯ ತುಂಬ ನೀರು ಕಾಯಿತು. ನಾನು ಎದ್ದೆ. ಹಿಡಿಕೆಯ ಪಕ್ಕದ ಗೂಟಕ್ಕೆ ಮಗಳು ನನ್ನ ಸೀರೆ, ರವಿಕೆ ಹಾಕಿದ್ದಳು. ಅದರ ಮೇಲೆ ನಮ್ಮವರು ಒಂದು ಹೊಸ ಲಂಗ ಹಾಕಿಹೋಗಿದ್ದರು. ಹುಬ್ಬು ಹಾರಿಸಲು ನಿಲ್ಲಲಿಲ್ಲ. ಕದ ಮುಂದೆ ಮಾಡಿದೆ, ಚಿಲಕ ಹಾಕಬಾರದು ಎಂದು ಮಗಳಿಗೆ ಮಾತು ಕೊಟ್ಟಿದ್ದೆ.

ಸ್ಟೂಲಿನ ಮೇಲೆ ಕೂತೆ. ಪಾದ ಎರಡೂ ಮ್ಯಾಟಿನ ಮೇಲೆ ನಿಂತವು. ಮೊದಲನೇ ತಂಬಿಗೆ ತಲೆಯ ಮೇಲೆ ಸುರಿದುಕೊಂಡೆ. ಅಯ್ಯೋ, ಆ ಸುಖವನ್ನು ಏನೆಂದು ಹೇಳಲಿ! ನೀರು ಎಷ್ಟು ಬಿಸಿ ಬೇಕೋ ಅಷ್ಟು ಬಿಸಿ, ಎಲ್ಲಿ ಉಜ್ಜಬೇಕೋ ಅಲ್ಲಿ ಉಜ್ಜುವುದು, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಕಣ್ಣು ಮುಚ್ಚು ಎನ್ನುವವರಿಲ್ಲ. ಹಳೆಯ ಹಾಡೊಂದನ್ನು ಗುನುಗಿದೆ.

"ಅವ್ವಾ, ಆತೇನು?" ಹೊರಗಿನಿಂದ ಮಗಳು.

"ಆಗಿಲ್ಲ."

ಇನ್ನಷ್ಟು ಹೊತ್ತು ಕಳೆಯಿತು. "ಕಲ್ಯಾಣಿ, ಆತೇನು?" ನಮ್ಮವರು.

"ಹಂಡೇದಾಗ ಇನ್ನೂ ನೀರು ಐತ್ರೀ!"

ಕೊನೆಯ ತಂಬಿಗೆಯವರೆಗೂ ಬಿಡಲಿಲ್ಲ. ಆಮೇಲೆ ಹಿಡಿಕೆ ಹಿಡಿದು ಎದ್ದೆ. ಒಂದೇ ಸಲಕ್ಕೆ ಎದ್ದೆ. ಮೈ ಒರೆಸಿಕೊಂಡು, ಕೂತು, ಹೊಸ ಲಂಗವನ್ನು ಕಾಲಿಗೆ ಏರಿಸಿದೆ. ಅಂಚಿಗೆ ಬೆರಳು ತಾಗಿತು. ದಪ್ಪಗಿತ್ತು. ತಿರುವಿ ನೋಡಿದೆ. ಒಳಗೆ ಬಟ್ಟೆ ಮಡಿಚಿ ಬಿಟ್ಟು, ಮೇಲೆ ಮೂರು ಸಾಲು ಮಶೀನ್ ಹೊಲಿಗೆ ಹಾಕಿದ್ದರು.

ಸೀರೆ ಉಟ್ಟು, ವಾಕರ್ ಹಿಡಿದು ಕದ ತೆಗೆದೆ. ಮಗಳು ಎದುರಿಗೇ ನಿಂತಿದ್ದಳು. "ಗೆದ್ದಿ ಬಿಡು" ಎಂದು ನಕ್ಕು, ನನ್ನ ಒದ್ದೆ ತಲೆಗೆ ಮುಖ ಒತ್ತಿ ಅತ್ತುಬಿಟ್ಟಳು. ನಮ್ಮವರು ಹಂಡೆಯೊಳಗೆ ಇಣುಕಿ ನೋಡುವ ನೆಪ ಮಾಡಿಕೊಂಡು ಅತ್ತ ತಿರುಗಿದರು.

"ರೀ, ಈ ಲಂಗದ ಅಂಚು ಯಾಕ ಇಷ್ಟು ದಪ್ಪ ಐತಿ?" ಎಂದೆ.

"ಒಳಗ ಮೂರು ಇಂಚು ಬಟ್ಟಿ ಬಿಟ್ಟೀನಿ. ಹೆದರಬ್ಯಾಡ, ಬಿಚ್ಚಂಗಿಲ್ಲ ಅದು."

"ಯಾಕ ಬಿಟ್ರಿ?"

"ಶಾಲಿ ಹುಡುಗ್ಯಾರಿಗೆ ಬಿಡ್ತೀನಲ್ಲ, ಹಂಗ. ನಾಳೆ ನೀ ಬೆಳದ್ರ ಇಳಿಸ್ಬೇಕಾಗ್ತೈತಿ."

"ನನಗ ಅರವತ್ತೇಳು ಆತ್ರೀ."

"ಗೊತ್ತೈತಿ" ಎಂದರು, ಇನ್ನೂ ಹಂಡೆಯೊಳಗೇ ನೋಡುತ್ತಾ. "ಬಟ್ಟಿ ಇರ್ಲಿ."

ವಾಕರ್ ತಿರುಗಿಸಿ, ಒಬ್ಬಳೇ ಪಡಸಾಲೆಗೆ ನಡೆದು, ಮಶೀನಿನ ಪಕ್ಕದ ಕುರ್ಚಿಯಲ್ಲಿ ಕೂತೆ. ದಾರಿಯುದ್ದಕ್ಕೂ ಲಂಗ ನೆಲದಿಂದ ಎರಡು ಬೆರಳು ಮೇಲೆಯೇ ಇತ್ತು.